ಮೈಬಣ್ಣ ಅಂದರೆ ಯಾರ ಮೈಯ ಬಣ್ಣ?

"ಮಗುವಿನ ಮುಖ ಬರೆಯುವಾಗ ಗೆರೆ ಕಮ್ಮಿ ಹಾಕಿ. ಒಂದೊಂದು ಗೆರೆಗೂ ಒಂದೊಂದು ವರ್ಷ ವಯಸ್ಸಾಗುತ್ತೆ." ಹೀಗೆ ನಮಗೆ ಹೇಳಿಕೊಟ್ಟ ಮೇಷ್ಟ್ರು ಒಳ್ಳೆಯ ಮನುಷ್ಯರೇ. ಅವರ ಮೇಲೆ ನಮಗೆ ಸಿಟ್ಟಿಲ್ಲ. ಅವರ ಪಾಠದ ಮೇಲೆ ಇದೆ. ಆ ಪಾಠವನ್ನು ಅವರೂ ಯಾರಿಂದಲೋ ಕಲಿತದ್ದು, ಅವರಿಗೆ ಕಲಿಸಿದವರು ಇನ್ಯಾರಿಂದಲೋ ಕಲಿತದ್ದು. ಹಾಗೆ ಹಿಂದಕ್ಕೆ ಹೋದರೆ ಕೊನೆಗೆ ಎಲ್ಲೋ ಒಂದು ಕಡೆ ಹಾಲು ಕುಡಿದು ಬೆಳೆದ ಒಂದು ಮಗು ಕಿಟಕಿಯ ಬೆಳಕಿನಲ್ಲಿ ಕೂತಿರುತ್ತದೆ. ಕಲೆಯ ನಿಯಮಗಳೆಲ್ಲ ಆ ಮಗುವಿನ ಕೆನ್ನೆ ನೋಡಿ ಬರೆದವು.

ರಾಜಾಜಿನಗರದ ಒಂದು ಹಾಲಿನಲ್ಲಿ ಭಾನುವಾರ ಭಾನುವಾರ ಚಿತ್ರದ ತರಗತಿ ನಡೆಯುತ್ತಿತ್ತು. ನಾವು ನಾಲ್ಕು ಜನ ಸೇರಿಕೊಂಡೆವು. ಇಬ್ಬರು ಜ್ಞಾನಭಾರತಿಯಲ್ಲಿ ಓದಿದವರು, ಒಬ್ಬ ಡಿಗ್ರಿ ಮುಗಿಸಿ ಪೀಣ್ಯದಲ್ಲಿ ಲೇತ್ ಮುಂದೆ ನಿಂತವನು, ಇನ್ನೊಬ್ಬಳು ಕೆಂಗೇರಿ ಆಚೆಯ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ನಾಲ್ವರ ಮನೆಯಲ್ಲೂ ನಮಗಿಂತ ಮುಂಚೆ ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಕಲಾವಿದರಾಗಬೇಕು ಅಂತ ಹೋದವರಲ್ಲ ನಾವು. ನಮ್ಮ ಪತ್ರಿಕೆಗೆ, ನಮ್ಮ ಗೋಡೆಬರಹಕ್ಕೆ, ನಮ್ಮ ಜಾಥಾಕ್ಕೆ ಚಿತ್ರ ಬೇಕು. ಎಷ್ಟು ದಿನ ಅಂತ ಬೇರೆಯವರು ಬರೆದ ನಮ್ಮ ಮುಖಗಳನ್ನು ಎರವಲು ತರುವುದು? ಅದಕ್ಕೆ ಹೋದೆವು.

ಮೊದಲ ಭಾನುವಾರ ಯಾರದೋ ಪರಿಚಯದವರ ಮಗು ಬಂದು ಕೂತಿತು. ಫ್ರಾಕು, ರಿಬ್ಬನ್ನು, ಕೈಯಲ್ಲಿ ಗೊಂಬೆ. ಎಲ್ಲರ ಚಿತ್ರವೂ ಚೆನ್ನಾಗಿ ಬಂತು, ನಮ್ಮದು ಕೂಡ. ಎರಡನೇ ಭಾನುವಾರ ಮೇಷ್ಟ್ರು "ಈ ಸಲ ನಿಮ್ಮ ಕಡೆಯಿಂದ ಒಂದು ಮಗು ಕರಕೊಂಡು ಬನ್ನಿ" ಅಂದರು. ಮಾಗಡಿ ರಸ್ತೆಯ ಹಿಂದಿನ ಗಲ್ಲಿಯಿಂದ ಎಂಟು ವರ್ಷದ ಒಬ್ಬ ಹುಡುಗಿಯನ್ನು ಕರೆದುಕೊಂಡು ಹೋದೆವು. ಅವಳ ಹೆಸರು ಇಲ್ಲಿ ಬರೆಯುವುದಿಲ್ಲ. ಅವಳ ಅವ್ವ ಬೇಡ ಅಂದಿದ್ದಾಳೆ, ಯಾಕೆ ಅನ್ನುವುದು ಮುಂದೆ ಬರುತ್ತದೆ.

ಆ ಹುಡುಗಿಯ ಎರಡು ಹುಬ್ಬಿನ ನಡುವೆ ಒಂದು ಗೆರೆ ಇದೆ. ಕಣ್ಣಿನ ಕೆಳಗೆ ಎರಡು ಗೆರೆ. ಮಬ್ಬು ಬೆಳಕಿನಲ್ಲಿ ತಲೆ ಬಗ್ಗಿಸಿ ಗಂಟೆಗಟ್ಟಲೆ ಸಣ್ಣ ಕೆಲಸ ಮಾಡುವವರ ಮುಖದಲ್ಲಿ ಬರುವ ಗೆರೆ ಅದು. ದರ್ಜಿಗಳ ಮುಖದಲ್ಲಿ ನೋಡಿದ್ದೇವೆ, ಬೀಡಿ ಕಟ್ಟುವ ನಮ್ಮ ಅಜ್ಜಿಯರ ಮುಖದಲ್ಲಿ ನೋಡಿದ್ದೇವೆ. ಮೇಷ್ಟ್ರು ನಮ್ಮ ಹಾಳೆ ನೋಡಿ, "ಆ ಗೆರೆ ತೆಗೀರಿ, ಮುದುಕಿ ತರ ಕಾಣ್ತಾಳೆ" ಅಂದರು. ತೆಗೆದರೆ ಅದು ಅವಳಲ್ಲ. ಬಿಟ್ಟರೆ ಮಗು ಅಲ್ಲವಂತೆ! ಈಗ ಏನು ಮಾಡೋದು ಹೇಳಿ?

ನಿಯಮವೆಲ್ಲ ಸುಳ್ಳು ಅಂತ ನಾವು ಹೇಳುತ್ತಿಲ್ಲ. ದೊಡ್ಡವರ ತಲೆಯಲ್ಲಿ ಕಣ್ಣು ಸರಿಸುಮಾರು ಅರ್ಧಕ್ಕೆ ಬರುತ್ತದೆ, ಮಗುವಿನ ತಲೆಯಲ್ಲಿ ಅರ್ಧಕ್ಕಿಂತ ಕೆಳಗೆ. ಹಣೆ ದೊಡ್ಡದು, ಮೂಗು ಗಿಡ್ಡ, ಗದ್ದ ಚಿಕ್ಕದು. ಕಣ್ಣುಗುಡ್ಡೆ ಬೇಗ ಬೆಳೆದುಬಿಡುತ್ತದೆ, ಮುಖ ನಿಧಾನ, ಅದಕ್ಕೇ ಮಗುವಿನ ಕಣ್ಣು ಅಷ್ಟು ದೊಡ್ಡದಾಗಿ ಕಾಣುವುದು. ಇದಕ್ಕೆ ಜಾತಿ ಇಲ್ಲ. ಬ್ರಾಹ್ಮಣರ ಮಗುವಿಗೂ ಇದೇ ಅಳತೆ, ನಮ್ಮ ಮಗುವಿಗೂ ಇದೇ ಅಳತೆ. ಹಾಗಿದ್ದ ಮೇಲೆ ಈ ಅಳತೆಯನ್ನು ಸರಿಯಾಗಿ ಹಾಕಿ, ಅದರ ಮೇಲೆ ಆ ಮೂರು ಗೆರೆಯನ್ನೂ ಹಾಕಿದರೆ ಏನಾಗುತ್ತದೆ? ಮೂಳೆ ಎಂಟು ವರ್ಷದ್ದು, ಗೆರೆ ದುಡಿಮೆಯದು ಅಂತ ನೋಡಿದವರಿಗೆ ಗೊತ್ತಾಗುತ್ತದೆ. ಗೊತ್ತಾಗಬಾರದು ಅನ್ನುವುದೇ ಅಲ್ಲವೇ ಈ "ಗೆರೆ ಕಮ್ಮಿ ಹಾಕಿ" ಅನ್ನುವ ಸೌಂದರ್ಯ ಮೀಮಾಂಸೆ?

ಇನ್ನೊಂದು ಮಾತು. ಇದ್ದಿಲಿನ ಚಿತ್ರದಲ್ಲಿ ತಪ್ಪಾದ ಕಡೆ ಅಳಿಸಲು ಹಳೆಯ ಕಾಲದ ಚಿತ್ರಕಾರರು ಬ್ರೆಡ್ಡು ಬಳಸುತ್ತಿದ್ದರು. ಪೆನ್ಸಿಲ್ ಅಳಿಸಲು ರಬ್ಬರು ಒಳ್ಳೆಯದು ಅಂತ ಇಂಗ್ಲೆಂಡಿನ ಪ್ರೀಸ್ಟ್ಲಿ ಬರೆದದ್ದು 1770ರಲ್ಲಿ. ಅದಕ್ಕೆ ಮುಂಚೆ ಬ್ರೆಡ್ಡೇ ರಬ್ಬರು. ನಮ್ಮ ಮೇಷ್ಟ್ರು ಹಳೆಯ ಪದ್ಧತಿಯ ಅಭಿಮಾನಿ. ಒಂದು ಪೌಂಡು ಬ್ರೆಡ್ಡು ತರಿಸಿ, ಅಂಚು ಕಿತ್ತು, ಒಳಗಿನ ಮೆತ್ತನೆಯದನ್ನು ಬೆರಳಲ್ಲಿ ಉಂಡೆ ಮಾಡಿ ಎಲ್ಲರಿಗೂ ಹಂಚಿದರು. ನಾವು ಒತ್ತಿದೆವು, ತೆಗೆದೆವು, ಉಂಡೆ ಕಪ್ಪಾಯಿತು, ಎಸೆದೆವು. ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದ ಹುಡುಗಿ ಅಲ್ಲಾಡದೆ ಕೂತಿದ್ದಳು. ಅಲ್ಲಾಡಬೇಡ ಅಂತ ಹೇಳಿದ್ದೆವಲ್ಲ. ಅವಳ ಕಣ್ಣು ಮಾತ್ರ ಉಂಡೆಯ ಹಿಂದೆ ಹೋಗುತ್ತಿತ್ತು. "ಕಣ್ಣು ಯಾಕೆ ಹಿಂಗೆ ಓಡಾಡಿಸ್ತಾಳೆ?" ಅಂತ ಒಬ್ಬರು ಬೇಸರಪಟ್ಟರು. ವಿರಾಮದಲ್ಲಿ ಅವಳು ನಮ್ಮ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಅಣ್ಣಾ, ಆ ಬನ್ನು ಕೆಟ್ಟೋಗಿತ್ತಾ?"

ನಾವೂ ಆ ಬ್ರೆಡ್ಡಿನಲ್ಲಿ ಅಳಿಸಿದವರೇ. ಅವಳಿಗೆ ಬೆಳಿಗ್ಗೆ ಏನು ತಿಂದೆ ಅಂತ ಕೇಳದೆ ಕರೆದುಕೊಂಡು ಹೋದವರೂ ನಾವೇ. ಇದನ್ನು ಬರೆಯದೆ ಬರೀ ಮೇಷ್ಟ್ರನ್ನು ಬೈದರೆ ನಮ್ಮ ಬಂಡಾಯಕ್ಕೆ ಮೂರು ಕಾಸಿನ ಬೆಲೆ ಇರುವುದಿಲ್ಲ.

ಈಗ ಕಪ್ಪಿನ ವಿಷಯಕ್ಕೆ ಬರೋಣ.

ಬಿಳಿಯ ಹಾಳೆಯ ಮೇಲೆ ಇದ್ದಿಲಿನಿಂದ ಬರೆಯುವಾಗ ಏನಾಗುತ್ತದೆ ಗಮನಿಸಿ. ಹಾಳೆ ಬಿಳಿ. ಮೊದಲೇ ಅಲ್ಲಿ ಬೆಳಕು ತುಂಬಿಕೊಂಡಿದೆ. ಬೆಳ್ಳಗಿನ ಮಗುವಾದರೆ ಕೆನ್ನೆಯನ್ನು ಮುಟ್ಟುವುದೇ ಬೇಡ. ಹಾಳೆಯೇ ಕೆನ್ನೆ. ಕೂದಲು, ರೆಪ್ಪೆ, ತುಟಿಯ ನಡುವಿನ ಗೆರೆ, ಇಷ್ಟು ಹಾಕಿದರೆ ಮಗು ನಗುತ್ತದೆ. ನಮ್ಮ ಹುಡುಗಿಯ ಮುಖ ಬರೆಯಬೇಕಾದರೆ ಇಡೀ ಮುಖಕ್ಕೆ ಇದ್ದಿಲು ಬಳಿಯಬೇಕು. ಬಳಿದು ಬಳಿದು ಬೆರಳಲ್ಲಿ ಉಜ್ಜಿದರೆ ಮುಖ ಕೆಸರಾಗುತ್ತದೆ. ಆಗ ಮೇಷ್ಟ್ರು ಬಂದು, "ಅಷ್ಟು ಕಪ್ಪು ಬೇಡ, ಕೊಳಕಾಗಿ ಕಾಣುತ್ತೆ" ಅನ್ನುತ್ತಾರೆ. ಕೊಳಕು ಎಲ್ಲಿಂದ ಬಂತು? ಬಿಳಿಯನ್ನೇ ಆರಂಭ ಅಂತ ಒಪ್ಪಿಕೊಂಡ ಕೂಡಲೇ ನಮ್ಮ ಮೈ ಅದರ ಮೇಲೆ ಬಿದ್ದ ಕಲೆಯಾಗುತ್ತದೆ. ವರ್ಣವ್ಯವಸ್ಥೆ ಅನ್ನುವ ಪದದಲ್ಲೇ ಬಣ್ಣ ಇದೆ, ಮರೆಯಬೇಡಿ.

ಮಕ್ಕಳ ಬಣ್ಣದ ಡಬ್ಬಿ ತೆಗೆದು ನೋಡಿ. ಅದರಲ್ಲಿ ತಿಳಿ ಗುಲಾಬಿ ಬೆರೆತ ಒಂದು ಕಡ್ಡಿ ಇರುತ್ತದೆ. ನಮ್ಮ ಶಾಲೆಗಳಲ್ಲಿ ಅದಕ್ಕೆ ಮೈಬಣ್ಣ ಅನ್ನುತ್ತಾರೆ. ಯಾರ ಮೈಯಪ್ಪಾ ಅದು? ನಮ್ಮ ಕೇರಿಯಲ್ಲಿ ಆ ಬಣ್ಣದ ಮೈ ಒಂದೂ ಇಲ್ಲ. ಅಮೆರಿಕದ ಕ್ರೇಯೋಲಾ ಕಂಪನಿ ಮಾಂಸದ ಬಣ್ಣ ಅಂತ ಇಟ್ಟಿದ್ದ ಹೆಸರನ್ನು 1962ರಲ್ಲಿ ಕೈಬಿಟ್ಟು ಪೀಚ್ ಹಣ್ಣಿನ ಹೆಸರಿಟ್ಟಿತು. ಅದು ಅಲ್ಲಿ ಕರಿಯರು ಬೀದಿಗಿಳಿದ ಕಾಲ. ಇಲ್ಲಿ ನಮ್ಮ ಅತಿಥಿ ಶಿಕ್ಷಕಿ ಈಗಲೂ ತರಗತಿಯಲ್ಲಿ "ಮಿಸ್, ಮೈಬಣ್ಣ ಖಾಲಿಯಾಯ್ತು" ಅನ್ನುವ ಮಾತು ದಿನಾ ಕೇಳುತ್ತಾಳೆ. ಕೇಳುವ ಮಗುವಿನ ಕೈ ನೇರಳೆಹಣ್ಣಿನ ಬಣ್ಣ.

ಫೋಟೋ ಸ್ಟುಡಿಯೋದ ಕಥೆಯೂ ಅದೇ. ಅಮೆರಿಕದ ಕೊಡಾಕ್ ಕಂಪನಿ ಬಣ್ಣ ಸರಿ ಬಂದಿದೆಯೋ ಇಲ್ಲವೋ ಅಂತ ನೋಡಲು ಲ್ಯಾಬುಗಳಿಗೆ ಒಂದು ಕಾರ್ಡು ಕಳಿಸುತ್ತಿತ್ತು, ಅದರ ಮೇಲೆ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಂಗಸಿನ ಮುಖ. ಅವಳ ಮೈ ಸರಿ ಬಂದರೆ ಫೋಟೋ ಸರಿ. ಇನ್ನು ನಮ್ಮ ಸ್ಟುಡಿಯೋಗಳಲ್ಲಿ ಕನ್ನಡಿಯ ಮುಂದೆ ಪೌಡರ್ ಡಬ್ಬಿ ಇಲ್ಲದ್ದನ್ನು ನೀವು ನೋಡಿದ್ದೀರಾ? ಎಸ್‌ಎಸ್‌ಎಲ್‌ಸಿ ಹಾಲ್ ಟಿಕೆಟ್ಟಿನ ಫೋಟೋಕ್ಕೆ ನಾವೂ ಬಳಿದುಕೊಂಡವರೇ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರು ಮಾತ್ರ ಬದಲಿಸಿಕೊಂಡು ಗ್ಲೋ ಅಂಡ್ ಲವ್ಲಿ ಆಯಿತು. ಟ್ಯೂಬು ಅಂಗಡಿಯಲ್ಲೇ ಇದೆ. ಐವತ್ತು ವರ್ಷದಿಂದ ಎಷ್ಟು ಹೆಣ್ಣುಮಕ್ಕಳು ಕನ್ನಡಿ ಮುಂದೆ ಅತ್ತಿರಬಹುದು, ಅದರ ಲೆಕ್ಕ ಯಾವ ಕಂಪನಿಯ ಪುಸ್ತಕದಲ್ಲೂ ಇಲ್ಲ.

ಬೇರೆಯವರನ್ನು ಬಿಡಿ, ನಮ್ಮ ಕ್ಯಾಲೆಂಡರನ್ನೇ ನೋಡೋಣ. ನಮ್ಮ ಮನೆಗಳಲ್ಲಿ ತೂಗುಹಾಕಿರುವ ಬಾಬಾಸಾಹೇಬರ ಚಿತ್ರ ವರ್ಷ ವರ್ಷಕ್ಕೂ ಬೆಳ್ಳಗಾಗುತ್ತಿದೆ. ಕೆನ್ನೆಗೆ ಗುಲಾಬಿ, ತುಟಿಗೆ ಕೆಂಪು. ರವಿವರ್ಮನ ಅಚ್ಚುಕೂಟ 1894ರಿಂದ ಮನೆಮನೆಗೆ ಹಂಚಿದ ದೇವತೆಗಳ ಮೈಬಣ್ಣವನ್ನೇ ಕದ್ದು ತಂದು ನಮ್ಮ ನಾಯಕನಿಗೆ ಹಚ್ಚಿದ್ದೇವೆ. ಅವರ ಬಾಲ್ಯದ ಚಿತ್ರ ಬರೆಯುವ ಆಸೆ ಯಾರಿಗಾದರೂ ಇದ್ದರೆ ಹಾಳೆ ಯಾವುದು ಅಂತ ಅವರೇ ಹೇಳಿ ಹೋಗಿದ್ದಾರೆ. ಶಾಲೆಯಲ್ಲಿ ಬಾಲಕ ಭೀಮನನ್ನು ಒಂದು ಮೂಲೆಯಲ್ಲಿ ಬೇರೆ ಕೂರಿಸುತ್ತಿದ್ದರು. ಕೂರಲು ಗೋಣಿತಟ್ಟು ಮನೆಯಿಂದ ತರಬೇಕು, ಸಂಜೆ ವಾಪಸ್ಸು ಹೊತ್ತುಕೊಂಡು ಹೋಗಬೇಕು. ಯಾಕೆಂದರೆ ಕಸ ಗುಡಿಸುವ ಆಳು ಕೂಡ ಆ ತಟ್ಟನ್ನು ಮುಟ್ಟುತ್ತಿರಲಿಲ್ಲ. ಆ ಮಗುವಿನ ಚಿತ್ರಕ್ಕೆ ಬಿಳಿಯ ಡ್ರಾಯಿಂಗ್ ಶೀಟು ತರುತ್ತೀರಾ?

ಮೂರನೇ ಭಾನುವಾರ ನಾವು ಬಿಳಿಹಾಳೆ ತೆಗೆದುಕೊಂಡು ಹೋಗಲಿಲ್ಲ. ಅಂಗಡಿಯಲ್ಲಿ ಬಣ್ಣದ ಹಾಳೆ ಇದೆ, ಬೂದು, ಕಂದು, ತಿಳಿನೀಲಿ. ಬೆಲೆ ಕೇಳಿ ವಾಪಸ್ಸು ಬಂದೆವು. ಸ್ಟೇಷನರಿ ಅಂಗಡಿಯಲ್ಲಿ ನೋಟ್‌ಬುಕ್ಕಿಗೆ ಬೈಂಡು ಹಾಕುವ ಬ್ರೌನ್ ಶೀಟು ತಂದೆವು. ನಮ್ಮ ಅಪ್ಪ ಅಮ್ಮ ಜೂನ್ ತಿಂಗಳಲ್ಲಿ ಸಾಲ ಮಾಡಿ ತಂದು, ಲಾಟೀನಿನಷ್ಟೇ ಮಂಕಾದ ಬಲ್ಬಿನ ಕೆಳಗೆ ಮಡಚಿ ಹಾಕುತ್ತಿದ್ದರಲ್ಲ, ಅದೇ ಕಾಗದ. ವರ್ಷ ಕಳೆದರೆ ಗರಿಗರಿಯಾಗಿ ಮುರಿಯುತ್ತದೆ, ದೊಡ್ಡ ಕಲಾವಿದರು ಮೂಗು ಮುರಿಯುತ್ತಾರೆ. ಇರಲಿ. ಇದ್ದಿಲನ್ನು ನಾವೇ ಸುಟ್ಟೆವು. ಒಣಗಿದ ತೊಗರಿ ಕಡ್ಡಿ, ಹುಣಸೆ ಕಡ್ಡಿ ಬೆರಳುದ್ದ ಮುರಿದು, ಮುಚ್ಚಳವಿರುವ ತಗಡಿನ ಡಬ್ಬಿಗೆ ಗಟ್ಟಿಯಾಗಿ ತುಂಬಿ, ಮುಚ್ಚಳಕ್ಕೆ ಮೊಳೆಯಲ್ಲಿ ಒಂದು ತೂತು ಹೊಡೆದು ಬೆಂಕಿಯಲ್ಲಿಡಬೇಕು. ತೂತಿನಿಂದ ಹೊಗೆ ನಿಂತ ಮೇಲೆ ತೆಗೆಯಬೇಕು. ಆರುವ ತನಕ ಮುಚ್ಚಳ ತೆಗೆಯಬಾರದು, ಗಾಳಿ ತಗುಲಿದರೆ ಬೂದಿ. ಬಿಳಿಗೆ ಶಾಲೆಯ ಸೀಮೆಸುಣ್ಣ ಸಾಕು.

ಕಂದು ಹಾಳೆಯ ಮೇಲೆ ಲೆಕ್ಕವೇ ಬದಲಾಗುತ್ತದೆ. ಇಲ್ಲಿ ಹಾಳೆ ನಡುಬಣ್ಣ. ಕತ್ತಲೆಯನ್ನೂ ಕೈಯಿಂದಲೇ ಕೊಡಬೇಕು, ಬೆಳಕನ್ನೂ ಕೈಯಿಂದಲೇ ಕೊಡಬೇಕು. ಹುಡುಗಿಯ ಕೆನ್ನೆಯನ್ನು ಮುಟ್ಟುವುದು ಬೇಡ, ಹಾಳೆಯೇ ಅವಳ ಕೆನ್ನೆ. ಕಣ್ಣಿನ ಗುಳಿ, ಮೂಗಿನ ಅಡಿ, ಗದ್ದದ ಕೆಳಗಿನ ನೆರಳಿಗೆ ಇದ್ದಿಲು. ಹಣೆಯ ಮೇಲೆ, ಮೂಗಿನ ತುದಿಗೆ, ಕೆಳತುಟಿಗೆ ಸೀಮೆಸುಣ್ಣ, ಅದೂ ಜಿಪುಣತನದಿಂದ. ಸುಣ್ಣ ಮತ್ತು ಇದ್ದಿಲು ಒಂದಕ್ಕೊಂದು ತಾಗಬಾರದು, ತಾಗಿದರೆ ಬೂದಿಬಣ್ಣದ ರಾಡಿ. ಹೀಗೆ ಬರೆದಾಗ ಅವಳ ಮುಖ ಹಾಳೆಯ ಮೇಲೆ ಬಿದ್ದ ಕಲೆಯಾಗಿರಲಿಲ್ಲ, ಹಾಳೆಯೊಳಗಿಂದ ಎದ್ದು ಬಂದಿತ್ತು.

ಇದರಿಂದ ಕಂದು ಹಾಳೆಯೇ ಕ್ರಾಂತಿ ಅಂತ ಯಾರಾದರೂ ಕುಣಿದಾಡಿದರೆ ನಾವು ಜೊತೆಗಿಲ್ಲ. ಯೂರೋಪಿನ ಅರಮನೆಯ ಚಿತ್ರಕಾರರು ಇಂಥದೇ ಬಣ್ಣದ ಹಾಳೆಯ ಮೇಲೆ ಹಾಲಿನಂಥ ಮೈಗಳನ್ನು ಬರೆದರು. ವೆನಿಸ್ಸಿನ ನೀಲಿ ಹಾಳೆ ನೀಲಿಬಟ್ಟೆಯ ಚಿಂದಿಯಿಂದ ಆದದ್ದು. ಚಿಂದಿ ಬಡವರದ್ದು, ಚಿತ್ರ ಧಣಿಗಳದ್ದು. ಹಾಳೆ ತಾನಾಗಿ ಯಾರ ಪಕ್ಷವನ್ನೂ ಹಿಡಿಯುವುದಿಲ್ಲ. 1943ರಲ್ಲಿ ಬಂಗಾಳದ ಬರದಲ್ಲಿ ಜೈನುಲ್ ಅಬೇದಿನ್ ಕಲ್ಕತ್ತದ ಬೀದಿಗೆ ಇಳಿದ. ಕೈಯಲ್ಲಿ ಪೊಟ್ಟಣ ಕಟ್ಟುವ ಅಗ್ಗದ ಕಾಗದ, ಇದ್ದಿಲಿನಿಂದ ತಾನೇ ಮಾಡಿಕೊಂಡ ಮಸಿ. ಕಸದ ತೊಟ್ಟಿ, ಕಾಗೆ, ನಾಯಿ, ತಾಯಿ, ಮಗು. ಅದೇ ವರ್ಷ ಚಿತ್ತಪ್ರಸಾದ್ ಬರದ ಊರುಗಳನ್ನು ನಡೆದು ನೋಡಿ ಬರೆದ ಚಿತ್ರಗಳ ಪುಸ್ತಕವನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡು ಸುಟ್ಟಿತು. ಬಂದೂಕಿಗಲ್ಲ, ಮಗುವಿನ ಚಿತ್ರಕ್ಕೆ ಹೆದರಿದ ಸರ್ಕಾರ! ಬರ್ಲಿನ್ನಿನಲ್ಲಿ ಕೇಥೆ ಕೋಲ್ವಿಟ್ಸ್ ಎಂಬ ತಾಯಿ, ಅವಳ ಗಂಡ ಕೂಲಿಕಾರರ ಬಡಾವಣೆಯ ಡಾಕ್ಟರು, ಆ ದವಾಖಾನೆಗೆ ಬರುತ್ತಿದ್ದ ಹೆಂಗಸರನ್ನೂ ಮಕ್ಕಳನ್ನೂ ಬರೆದಳು. 1924ರ ಅವಳ ಪೋಸ್ಟರಿನಲ್ಲಿ ಖಾಲಿ ಬಟ್ಟಲು ಎತ್ತಿ ಹಿಡಿದ ಮಕ್ಕಳಿದ್ದಾರೆ. 1933ರಲ್ಲಿ ನಾಜಿಗಳು ಅವಳನ್ನು ಕಲಾ ಅಕಾಡೆಮಿಯಿಂದ ಹೊರಹಾಕಿದರು.

ಇವರನ್ನೆಲ್ಲ ನಾವು ತಲೆಯ ಮೇಲೆ ಹೊರುತ್ತೇವೆ. ಆದರೂ ಒಂದು ತಕರಾರಿದೆ. ಅದು ಅವರ ಮೇಲಲ್ಲ, ಅವರನ್ನು ಕಾಪಿ ಹೊಡೆಯುವ ನಮ್ಮ ಮೇಲೆ. ನಮ್ಮ ಪೋಸ್ಟರುಗಳಲ್ಲಿ ದಲಿತ ಮಗು ಅಂದರೆ ಪಕ್ಕೆಲುಬು, ಕಣ್ಣೀರು, ಚಾಚಿದ ಕೈ. ಮುಖವೇ ಇರುವುದಿಲ್ಲ. ಹಸಿವಿಗೆ ಮುಖ ಬೇಡವೇ? ಬರಗಾಲದಲ್ಲಿ ಹಾಗೆ ಬರೆಯಬೇಕಾಗಿತ್ತು, ಬರೆದರು. ಈ ಗಲ್ಲಿಯ ಹುಡುಗಿ ಸಾಯುತ್ತಿಲ್ಲ, ಬದುಕುತ್ತಿದ್ದಾಳೆ. ಜಗಳ ಆಡುತ್ತಾಳೆ, ಕುಂಟೆಬಿಲ್ಲೆ ಆಡುತ್ತಾಳೆ, ಏಳರ ಮಗ್ಗಿಯಲ್ಲಿ ನಮ್ಮ ಲೇತ್ ಗೆಳೆಯನನ್ನೇ ಸೋಲಿಸಿದ್ದಾಳೆ. ಅವಳನ್ನು ಬರೀ ಎಲುಬಾಗಿ ಬರೆಯುವುದೂ, ಬೆಳ್ಳಗೆ ಬರೆಯುವುದೂ ಒಂದೇ ಜಾತಿಯ ಸುಳ್ಳು.

ಅವಳ ಮನೆಯ ಕೆಲಸ ಊದಿನಕಡ್ಡಿ ಹೊಸೆಯುವುದು. ಊದಿನಕಡ್ಡಿಯ ಒಳಗೆ ಇರುವುದು ಏನು ಗೊತ್ತೇ? ಇದ್ದಿಲಿನ ಪುಡಿ. ಜಿಗಟಿನ ಪುಡಿ, ಮರದ ಹೊಟ್ಟು, ಇದ್ದಿಲಪುಡಿ ನೀರಲ್ಲಿ ಕಲಸಿ, ಮಣೆಯ ಮೇಲೆ ಬಿದಿರು ಕಡ್ಡಿಗೆ ಅಂಗೈಯಲ್ಲಿ ಉಜ್ಜಿ ಸುತ್ತಬೇಕು. ಸಾವಿರಕ್ಕೆ ಇಷ್ಟು ಅಂತ ಕೂಲಿ. ಪರಿಮಳ ಆಮೇಲೆ, ಬೇರೆ ಕಡೆ, ಬೇರೆಯವರ ಕೈಯಲ್ಲಿ ಸೇರುತ್ತದೆ. ಹೊಸೆಯುವ ಮನೆಗೆ ಬರುವುದು ಕರಿಧೂಳು ಮಾತ್ರ. ಈಗ ಯಂತ್ರಗಳು ಬಂದು ಕೈಹೊಸೆತ ಕಮ್ಮಿಯಾಗಿದೆ. ವಿಯೆಟ್ನಾಮಿನಿಂದ ಹೊಸೆದ ಕಡ್ಡಿಯೇ ಹಡಗಿನಲ್ಲಿ ಬರತೊಡಗಿ, 2019ರಲ್ಲಿ ಸರ್ಕಾರ ಅದಕ್ಕೆ ಕಡಿವಾಣ ಹಾಕಿತು. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಮಣೆ ಅಟ್ಟ ಸೇರಿತ್ತು. ಈ ಮನೆಯಲ್ಲಿ ಇನ್ನೂ ಸೇರಿಲ್ಲ. ಶಾಲೆಯಿಂದ ಬಂದ ಮೇಲೆ ಹುಡುಗಿ ಅವ್ವನ ಪಕ್ಕದಲ್ಲಿ ಕೂರುತ್ತಾಳೆ.

ಅಂದರೆ ನಾವು ಕಲಾಪರಿಕರ ಅಂತ ಡಬ್ಬಿಯಲ್ಲಿ ಸುಟ್ಟುಕೊಂಡು ಹೋದದ್ದು ಅವಳ ಅಂಗೈಯಲ್ಲಿ ಆಗಲೇ ಇತ್ತು. ಮೊದಲ ದಿನ ಮೇಷ್ಟ್ರು ಅವಳ ಕೈ ನೋಡಿ "ಕೈ ತೊಳ್ಕೊಂಡು ಬಾಮ್ಮ" ಅಂದಿದ್ದರು. ಅದೇ ಮೇಷ್ಟ್ರ ಕೈ, ನಮ್ಮೆಲ್ಲರ ಕೈ, ಮಧ್ಯಾಹ್ನದ ಹೊತ್ತಿಗೆ ಅವಳ ಕೈಗಿಂತ ಕಪ್ಪಾಗಿತ್ತು. ಇವರು ಮೆತ್ತಿಕೊಂಡರೆ ಕಲೆ, ಅವಳು ಮೆತ್ತಿಕೊಂಡರೆ ಕೊಳೆ. ಇನ್ನು ಆ ಕಡ್ಡಿ ತುಂಬಿ ಹೋಗುವ ಪ್ಯಾಕೆಟ್ಟಿನ ಮೇಲೆ ಯಾರ ಚಿತ್ರ? ಬೆಣ್ಣೆ ಕದಿಯುವ ಬಾಲಕೃಷ್ಣ, ಉಬ್ಬಿದ ಕೆನ್ನೆ, ಬೆಳ್ಳಗಿನ ಮೈ. ಕೃಷ್ಣ ಅಂದರೇ ಕಪ್ಪು, ಸ್ವಾಮಿ! ದೇವರ ಮಗುವನ್ನೂ ಬಿಡದೆ ಸುಣ್ಣ ಬಳಿದ ಜನ ಇವರು. ಮಗುವಿನ ಚಿತ್ರ ಪ್ಯಾಕೆಟ್ಟಿನ ಹೊರಗೆ, ಮಗುವಿನ ದುಡಿಮೆ ಒಳಗೆ. ಪೂಜೆಯ ಮನೆಯಲ್ಲಿ ಒಳಗಿನದು ಸುಟ್ಟು ಬೂದಿಯಾಗುತ್ತದೆ.

ಕಾನೂನು ಏನು ಹೇಳುತ್ತದೆ? 1986ರಲ್ಲಿ ಬಾಲಕಾರ್ಮಿಕ ಕಾಯಿದೆ ಬಂತು. 2016ರ ತಿದ್ದುಪಡಿಯಲ್ಲಿ ಹದಿನಾಲ್ಕರೊಳಗಿನ ಮಕ್ಕಳ ದುಡಿಮೆ ಎಲ್ಲ ಕಡೆ ನಿಷೇಧ ಅಂತ ಬರೆದು, ಅದರ ಕೆಳಗೇ ಒಂದು ಕಿಂಡಿ ಬಿಟ್ಟರು: ಶಾಲೆಯ ಹೊತ್ತು ಮುಗಿದ ಮೇಲೆ, ರಜೆಯಲ್ಲಿ, ಮಗು ಮನೆಯವರ ಕಸುಬಿಗೆ ನೆರವಾಗಬಹುದು. ಕುಲಕಸುಬು ಅನ್ನುವ ಹಳೆಯ ಸಂಕೋಲೆಗೆ ಹೊಸ ಬಣ್ಣ. ವಕೀಲನ ಮಗು ಸಂಜೆ ಕೋರ್ಟಿಗೆ ನೆರವಾಗುವುದಿಲ್ಲ, ಸಂಗೀತಕ್ಕೆ ಹೋಗುತ್ತದೆ. ಆದರೆ ಹುಡುಗಿಯ ಅವ್ವನಿಗೆ ಈ ಕಿಂಡಿಯ ಗುಟ್ಟು ಗೊತ್ತಿಲ್ಲ. ಅವಳಿಗೆ ಗೊತ್ತಿರುವುದು ಭಯ. "ಏನಪ್ಪಾ, ಫೋಟ ಬರದು ಎಲ್ಲಿ ತೋರಿಸ್ತೀರಾ? ಯಾರಾದ್ರೂ ಬಂದು ಮಗೀನ ಎತ್ತಾಕ್ಕೊಂಡೋದ್ರೆ?" ಅಂದಳು. ನಾವು ಸಮಾನತೆ, ಅಭಿವ್ಯಕ್ತಿ ಅಂತ ಏನೇನೋ ಹೇಳಲು ಹೋಗಿ ಸುಮ್ಮನಾದೆವು. ಬಸವಣ್ಣನ ಹೆಸರಿಟ್ಟುಕೊಂಡ ಬಡಾವಣೆಯಲ್ಲಿ ಬಾಡಿಗೆ ಮನೆ ಕೇಳಿದರೆ "ನೀವು ಯಾವ ಜನ?" ಅಂತ ಗೇಟಿನಲ್ಲೇ ಕೇಳಿಸಿಕೊಂಡು ಬಂದವರು ನಾವು. ಗುರುತು ಹಿಡಿಸಿಕೊಳ್ಳುವುದರ ಭಯವನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೊನೆಯ ಚಿತ್ರವನ್ನು ಹಾಲಿನಲ್ಲಲ್ಲ, ಅವಳ ಮನೆಯ ಹೊಸ್ತಿಲಲ್ಲಿ ಕೂತು ಬರೆದೆವು. ಅವಳು ಏನು ಮಾಡುತ್ತಾ ಕೂರಬೇಕು ಅನ್ನುವುದನ್ನು ಅವಳಿಗೇ ಬಿಟ್ಟೆವು. ಮಣೆಯ ಮುಂದೆ ಕೂರಲಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಳು. ನಗಲೂ ಇಲ್ಲ. ಮುಗಿದ ಮೇಲೆ ಬಹಳ ಹೊತ್ತು ನೋಡಿದಳು. "ಅಣ್ಣಾ, ಇನ್ನೊಸಿ ಬೆಳ್ಳಗೆ ಮಾಡು" ಅಂದಳು.

ಇಷ್ಟು ಪುಟ ಬರೆದ ನಮ್ಮ ವಾದವನ್ನೆಲ್ಲ ಆ ಒಂದು ಮಾತು ತಳ್ಳಿಹಾಕಿತು. ಏನು ಹೇಳೋಣ ಅವಳಿಗೆ? ಕಪ್ಪು ಚೆಲುವು ಅಂತ ಭಾಷಣ ಮಾಡೋಣವೇ? ಶಾಲೆಯಲ್ಲಿ ಅವಳನ್ನು ಇದ್ದಿಲು ಅಂತಲೇ ಕರೆಯುತ್ತಾರಂತೆ. ಅಲ್ಲಿ ನಮ್ಮ ಭಾಷಣ ಅವಳ ಜೊತೆ ಬೆಂಚಿನಲ್ಲಿ ಕೂರುವುದಿಲ್ಲ. ಅತಿಥಿ ಶಿಕ್ಷಕಿ ಸೀಮೆಸುಣ್ಣವನ್ನು ಅವಳ ಕೈಗೇ ಕೊಟ್ಟು, "ಎಲ್ಲಿ ಬೆಳಕು ಬೀಳ್ತಿದೆ ನೋಡು, ಅಲ್ಲಿ ಹಾಕು" ಅಂದಳು. ಹುಡುಗಿ ಕನ್ನಡಿ ತಂದು ನೋಡಿಕೊಂಡು, ಕೆನ್ನೆಗೆ ಹಾಕಲಿಲ್ಲ, ಎರಡು ಕಣ್ಣಿನೊಳಗೂ ಒಂದೊಂದು ಚುಕ್ಕೆ ಇಟ್ಟಳು. ಆಮೇಲೆ ಯಾಕೋ ಚೀಲದ ಗುಂಡಿಗೂ ಇಟ್ಟಳು. ಹುಬ್ಬಿನ ನಡುವಿನ ಗೆರೆಯ ಬಗ್ಗೆ ಅವಳು ತಕರಾರು ಮಾಡಲಿಲ್ಲ. ತಕರಾರು ಮಾಡಿದ್ದರೆ ನಾವು ಅಳಿಸುತ್ತಿದ್ದೆವೋ ಇಲ್ಲವೋ, ನಮ್ಮ ನಾಲ್ವರಲ್ಲಿ ಇನ್ನೂ ಒಮ್ಮತ ಆಗಿಲ್ಲ.

ಗೆಳೆಯರೇ, ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಶಾಲೆಯಲ್ಲಿ ಬಣ್ಣದ ಡಬ್ಬಿ ಇಲ್ಲದಿದ್ದರೆ ಒಲೆಯಲ್ಲಿ ಇದ್ದಿಲಿದೆ, ಪುಸ್ತಕದ ಮೇಲೆ ಬೈಂಡಿನ ಹಾಳೆ ಇದೆ. ಮಕ್ಕಳು ಒಬ್ಬರ ಮುಖವನ್ನೊಬ್ಬರು ಬರೆಯಲಿ. ಹೊಲಗೇರಿಯ ಮಗು ಊರ ಮಗುವಿನ ಮುಖವನ್ನು, ಊರ ಮಗು ಹೊಲಗೇರಿಯ ಮಗುವಿನ ಮುಖವನ್ನು ಅರ್ಧ ಗಂಟೆ ಕಣ್ಣಿಟ್ಟು ನೋಡಲಿ. ಅಷ್ಟು ಹೊತ್ತು ಯಾರೂ ನಮ್ಮನ್ನು ನೋಡಿದ್ದಿಲ್ಲ. ಮಾಗಡಿ ತಾಲೂಕಿನ ಮಂಚನಬೆಲೆಯಿಂದ ಬಂದು ಇಲ್ಲೇ ಪಕ್ಕದ ಶ್ರೀರಾಮಪುರದಲ್ಲಿ ಬೆಳೆದ ಸಿದ್ಧಲಿಂಗಯ್ಯನವರು 1975ರಲ್ಲಿ 'ಹೊಲೆಮಾದಿಗರ ಹಾಡು' ಕೊಟ್ಟಾಗ ನಮ್ಮ ದನಿ ಅಚ್ಚಿಗೆ ಬಂತು. ಮುಖ ಇನ್ನೂ ಸರಿಯಾಗಿ ಬಂದಿಲ್ಲ.

ಇದ್ದಿಲಿನ ಚಿತ್ರ ಉದುರದಂತೆ ನಿಲ್ಲಬೇಕಾದರೆ ಮೇಲೆ ಹಾಲು ಚಿಮುಕಿಸಬಹುದು, ವಾನ್ ಗೋ ಹಾಗೆ ಮಾಡುತ್ತಿದ್ದ ಅಂತ ಮೇಷ್ಟ್ರು ಹೇಳಿದ್ದರು. ಬ್ರೆಡ್ಡಿನ ಕಥೆ ಆದ ಮೇಲೆ ಹಾಲು ತರಲು ನಮಗೆ ಕೈ ಬರಲಿಲ್ಲ. ಈ ಸಂಚಿಕೆಯ ಮುಖಪುಟಕ್ಕೆ ಆ ಚಿತ್ರವನ್ನೇ ಹಾಕಬೇಕು ಅಂತ ತೀರ್ಮಾನ ಮಾಡಿ ಬ್ಲಾಕಿನ ಅಳತೆಯನ್ನೂ ತೆಗೆದಿದ್ದೆವು. ಕೇಳಲು ಹೋದಾಗ ಅವಳ ಅವ್ವ ಹಾಳೆಯನ್ನು ಇಸಕೊಂಡು, ಮಗಳ ಕೆನ್ನೆಯನ್ನು ಹೆಬ್ಬೆರಳಲ್ಲಿ ಒಮ್ಮೆ ಸವರಿ, ಬೀರುವಿನ ಮೇಲೆ ಇಟ್ಟಳು. "ಇದು ಇಲ್ಲೇ ಇರ್ಲಿ" ಅಂದಳು. ಕೆನ್ನೆಯ ಮೇಲೆ ಅವಳ ಹೆಬ್ಬೆರಳಿನ ಗುರುತು ಕಪ್ಪಗೆ ನಿಂತಿತ್ತು.

ಮುಖಪುಟಕ್ಕೆ ಚಿತ್ರ ಬೇಡ, ಬರೀ ಕಂದು ಹಾಳೆ ಹಾಕಿ ಅಂತ ಪ್ರೆಸ್ಸಿನವರಿಗೆ ಹೇಳಿದ್ದೇವೆ.